ಸೈಕಲ್ಲು, ಬಸ್ಸು ಮತ್ತು ಆಂಗ್ಲ ಸಂಭಾಷಣಾ ಪರೀಕ್ಷೆ

(ಸಂಘದ ದೀಪಾವಳಿ ಸಮಾರಂಭದಲ್ಲಿ ಅತಿಥಿಗಳಾಗಿ ಆಗಮಿಸಿದ್ದ ವೈದ್ಯರು ಮಾಡಿದ ಭಾಷಣದ ಪಠ್ಯ)



ವೈದ್ಯನಾದವನು ವೇದಿಕೆ ಏರಿದನೆಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಷಯವೇ ಬರುವುದೆಂದು ತಾವು ಎದುರುನೋಡುವುದು ಸಹಜ. ಆದರೆ ಕಾರ್ಯದರ್ಶಿಗಳು ಇಂದು ನನಗೆ ಒಪ್ಪಿಸಿರುವ ವಿಷಯವೇ ಬೇರೆ. ಬ್ರಿಟನ್ನಿಗೆ ಬರಲು, ಇಲ್ಲಿ ಉದ್ಯೋಗ ಪಡೆಯಲು, ನೆಲೆಸಲು ನಮ್ಮವರಲ್ಲಿ ಅನೇಕರು ಎದುರಿಸಬೇಕಾದ ಆಂಗ್ಲ ಸಂಭಾಷಣಾ ಪರೀಕ್ಷೆಯಲ್ಲಿ ಸೈಕಲ್ಲು, ಬಸ್ಸು, ರೈಲುಗಳನ್ನು ಕುರಿತ ಪ್ರಶ್ನೆಗಳಿಗೆ ಉತ್ತರಿಸುವುದು ಹೇಗೆ ಎಂಬುದೇ ಆ ವಿಷಯ.

ಇದು ಅಲ್ಪ ವಿಷಯವೆಂದು ತೋರಬಹುದು. ಆದರೆ ಇಲ್ಲಿನ ಶುಶ್ರೂಷಾ ಮಂಡಳಿಯು ಐಇಎಲ್‌ಟಿಎಸ್ ಪರೀಕ್ಷೆಯನ್ನು ಆರಿಸಿಕೊಂಡ ದಾದಿಯಿಂದ ಮಾತಿನ ಭಾಗದಲ್ಲಿ 9ಕ್ಕೆ 7 ಅಂಕಗಳನ್ನು ಅಪೇಕ್ಷಿಸುತ್ತದೆ. ಅರ್ಧ ಅಂಕ ಕಡಿಮೆಯಾದರೆ, ಹತ್ತು ವರ್ಷ ತೀವ್ರ ನಿಗಾ ಘಟಕದಲ್ಲಿ ದುಡಿದವಳೂ ಸಾಮಾನ್ಯವಾಗಿ ಮತ್ತೆ ಶುಲ್ಕ ತೆತ್ತು ಮತ್ತೆ ಕಾಯಬೇಕಾಗುತ್ತದೆ. ಪತಿ ಅಥವಾ ಪತ್ನಿಯ ವೀಸಾದ ಮೇಲೆ ಬರುವವರಿಗೂ 2010ರ ನವೆಂಬರ್‌ನಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಆಂಗ್ಲ ಭಾಷೆಯ ಅರ್ಹತೆ ಕಡ್ಡಾಯವಾಗಿದೆ. ಒಂದು ಸಂಸಾರ ಒಂದೇ ಸೂರಿನಡಿ ಸೇರುವುದು ಕೆಲವೊಮ್ಮೆ ಈ ಸಣ್ಣ ಪ್ರಶ್ನೆಗಳ ಮೇಲೆ ನಿಂತಿರುತ್ತದೆ.

ಮೊದಲು ಪರೀಕ್ಷೆಯ ಸ್ವರೂಪವನ್ನು ನೋಡೋಣ. 1989ರಲ್ಲಿ ಆರಂಭವಾದ ಐಇಎಲ್‌ಟಿಎಸ್‌ನ ಮಾತಿನ ಭಾಗ ಇಂದು 11ರಿಂದ 14 ನಿಮಿಷಗಳದು. ಮೊದಲ 4-5 ನಿಮಿಷ ಮನೆ, ಊರು, ಉದ್ಯೋಗ, ಸಂಚಾರ ಮುಂತಾದ ಪರಿಚಿತ ವಿಷಯಗಳ ಪ್ರಶ್ನೆಗಳು. ಎರಡನೆಯದರಲ್ಲಿ ಒಂದು ಚೀಟಿ ಕೊಟ್ಟು, 1 ನಿಮಿಷ ಯೋಚಿಸಲು ಬಿಟ್ಟು, 2 ನಿಮಿಷದವರೆಗೆ ಮಾತನಾಡಿಸುತ್ತಾರೆ. ಮೂರನೆಯದು ಅದೇ ವಿಷಯದ ಮೇಲೆ ಗಂಭೀರ ಚರ್ಚೆ. ಅಳೆಯುವ ಮಾನದಂಡಗಳು ನಾಲ್ಕು: ಮಾತಿನ ಓಟ ಮತ್ತು ಸುಸಂಬದ್ಧತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಾನ ತೂಕ. ಸೈಕಲ್ಲಿನ ಬಗೆಗಿನ ಜ್ಞಾನಕ್ಕಾಗಲಿ, ನಮ್ಮ ಅಭಿಪ್ರಾಯ ಸರಿಯೇ ತಪ್ಪೇ ಎಂಬುದಕ್ಕಾಗಲಿ ಅಂಕವಿಲ್ಲ. ಈ ಒಂದು ಮಾತನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಭಯ ತಾನಾಗಿಯೇ ಇಳಿಯುತ್ತದೆ.

ನನ್ನ ವೃತ್ತಿಯಿಂದಲೇ ಒಂದು ಹೋಲಿಕೆ ಕೊಡುತ್ತೇನೆ. “ನೋವು ಇದೆಯೇ?” ಎಂದು ಕೇಳಿದಾಗ “ಇದೆ” ಎಂದು ಸುಮ್ಮನಾಗುವ ರೋಗಿಯಿಂದ ವೈದ್ಯನಿಗೆ ಏನೂ ತಿಳಿಯುವುದಿಲ್ಲ. ಎಲ್ಲೋ ಓದಿದ ರೋಗಲಕ್ಷಣಗಳನ್ನು ಪಾಠದಂತೆ ಒಪ್ಪಿಸುವ ರೋಗಿಯಿಂದಲೂ ಅಷ್ಟೆ. “ಮೂರು ದಿನದಿಂದ ಇದೆ, ಮೆಟ್ಟಿಲು ಹತ್ತುವಾಗ ಹೆಚ್ಚು, ಹಿಂದೆ ಹೀಗಿರಲಿಲ್ಲ” ಎನ್ನುವವನೇ ನಮಗೆ ಬೇಕು. ಪರೀಕ್ಷಕನ ಮುಂದೆಯೂ ಇದೇ ಕ್ರಮ ಸಾಕು. ಮೊದಲು ನೇರ ಉತ್ತರ, ಅನಂತರ ಕಾರಣ, ಬಳಿಕ ಸ್ವಂತ ಬದುಕಿನ ಒಂದು ನಿದರ್ಶನ, ಸಾಧ್ಯವಾದರೆ ಅಂದಿಗೂ ಇಂದಿಗೂ ಇರುವ ವ್ಯತ್ಯಾಸ. ಮೂರು ನಾಲ್ಕು ವಾಕ್ಯಗಳಲ್ಲಿ ಇದೆಲ್ಲವೂ ಮುಗಿಯುತ್ತದೆ.

“ಬಾಲ್ಯದಲ್ಲಿ ನೀವು ಸೈಕಲ್ ತುಳಿಯುತ್ತಿದ್ದಿರಾ?” ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ತರಬೇತಿ ಕೇಂದ್ರಗಳಲ್ಲಿ ಬಾಯಿಪಾಠ ಮಾಡಿಸುವ ಉತ್ತರ, ಸೈಕಲ್ಲು ಪರಿಸರಸ್ನೇಹಿ, ಆರೋಗ್ಯಕ್ಕೆ ಹಿತಕರ, ಇಂಧನ ಉಳಿಸುತ್ತದೆ ಎಂದು ಸಾಗುತ್ತದೆ. ಕೇಳಿದ್ದು ಬಾಲ್ಯ, ಹೇಳಿದ್ದು ಪ್ರಬಂಧ. ಇಂತಹ ಉತ್ತರಗಳನ್ನು ಗುರುತಿಸುವುದಕ್ಕೇ ಪರೀಕ್ಷಕರಿಗೆ ತರಬೇತಿ ಇರುತ್ತದೆ. ಅದರ ಬದಲು ಹೀಗೆ ಹೇಳಬಹುದು: “ಹೌದು, ಆದರೆ ನನಗೆ ಸ್ವಂತ ಸೈಕಲ್ಲಿರಲಿಲ್ಲ. ನಮ್ಮ ಬೀದಿಯ ಅಂಗಡಿಯಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದರು. ಸೀಟು ಎಟುಕದ ಕಾರಣ, ಅಡ್ಡದಂಡದ ಕೆಳಗಿನಿಂದ ಕಾಲು ತೂರಿಸಿ ತುಳಿಯುತ್ತಿದ್ದೆ.” ಹೀಗೆ ತುಳಿಯುವುದಕ್ಕೆ ಆಂಗ್ಲದಲ್ಲಿ ಏನೆನ್ನುತ್ತಾರೆಂದು ತಡವರಿಸಬೇಕಾಗಿಲ್ಲ. ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದಗಳಿಂದ ವಿವರಿಸುವ ಸಾಮರ್ಥ್ಯಕ್ಕೆ ಪದಸಂಪತ್ತಿನ ಮಾನದಂಡದಲ್ಲಿಯೇ ಮನ್ನಣೆಯಿದೆ.

ಇನ್ನು ನಮ್ಮವರಿಗೆ ವಿಶೇಷವಾಗಿ ತೊಡಕಾಗುವ ಕೆಲವು ಅಂಶಗಳು. ನಮ್ಮೂರಿನಲ್ಲಿ ‘ಬೈಕ್’ ಎಂದರೆ ಮೋಟಾರ್ ಸೈಕಲ್ಲು. ಇಲ್ಲಿ ಸಾಮಾನ್ಯವಾಗಿ ಬೈಸಿಕಲ್ಲು. ಪರೀಕ್ಷಕರು ಬೈಕಿನ ಬಗ್ಗೆ ಕೇಳಿದಾಗ ಅಭ್ಯರ್ಥಿಯು ಲೀಟರಿಗೆ ಅರವತ್ತು ಕಿಲೋಮೀಟರ್ ಬರುತ್ತದೆಂದು ಉತ್ತರಿಸಿದರೆ ಅವರ ಗಲಿಬಿಲಿಯನ್ನು ಊಹಿಸಿಕೊಳ್ಳಿ. ಸಂದೇಹ ಬಂದರೆ “ಪೆಡಲ್ ತುಳಿಯುವುದೋ, ಎಂಜಿನ್ ಇರುವುದೋ?” ಎಂದು ಧಾರಾಳವಾಗಿ ಕೇಳಬಹುದು, ಅದೂ ಸಂಭಾಷಣೆಯೇ.

ಕನ್ನಡದಲ್ಲಿ ಕಾರನ್ನೂ ‘ಓಡಿಸುತ್ತೇವೆ’, ಬೈಕನ್ನೂ ‘ಓಡಿಸುತ್ತೇವೆ’. ಆಂಗ್ಲದಲ್ಲಿ ಕಾರಿಗೆ ‘ಡ್ರೈವ್’, ಸೈಕಲ್ಲಿಗೆ ‘ರೈಡ್’. ಬಸ್ಸಿನಿಂದ ‘ಇಳಿದೆ’ ಎಂಬುದನ್ನು ನಾವು ‘ಗೆಟ್ ಡೌನ್’ ಎನ್ನುತ್ತೇವೆ. ಇಲ್ಲಿಯವರು ‘ಗೆಟ್ ಆಫ್’ ಎನ್ನುತ್ತಾರೆ. ‘ಬೈ ವಾಕ್’ ಎಂಬುದು ‘ಆನ್ ಫುಟ್’ ಆಗಬೇಕು. ‘ಪೆಟ್ರೋಲ್ ಬಂಕ್’, ‘ಸ್ಟೆಪ್ನಿ’, ‘ಟೂ ವೀಲರ್’ ಮುಂತಾದವು ನಮ್ಮೂರಿನಲ್ಲಿ ಸಾಧುವಾದರೂ ಇಲ್ಲಿಯವರಿಗೆ ವಿವರಣೆ ಬೇಕಾಗುತ್ತದೆ. ‘ದಿನಾ ಬಸ್ಸಿನಲ್ಲಿ ಹೋಗುತ್ತೇನೆ’ ಎನ್ನುವಾಗ ‘ಐ ಗೋ’ ಎಂದರೆ ಸಾಕು, ‘ಐ ಆ್ಯಮ್ ಗೋಯಿಂಗ್’ ಬೇಡ. ‘ಹೋಗುತ್ತಿದ್ದೆ’ ಎಂಬ ಹಳೆಯ ರೂಢಿಗೆ ‘ಯೂಸ್ಡ್ ಟು ಗೋ’ ಎಂಬುದು ಒಪ್ಪುತ್ತದೆ.

ಉಚ್ಚಾರಣೆಯ ವಿಷಯ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಆದಕಾರಣವೇ ನಾವು ಬಸ್ಸು, ಕಾರು, ರೈಲು ಎಂದು ಅವುಗಳನ್ನು ನಮ್ಮವನ್ನಾಗಿ ಮಾಡಿಕೊಂಡೆವು. ಆಂಗ್ಲದಲ್ಲಿ ಮಾತನಾಡುವಾಗ ಆ ಕೊನೆಯ ಉಕಾರವನ್ನು ಬಿಡಬೇಕು. ‘ಎಂಜಿನ್’ ಎಂಬುದು ‘ಯೆಂಜಿನ್’ ಆಗದಂತೆ, ‘ಓನ್ಲಿ’ ಎಂಬುದು ‘ವೋನ್ಲಿ’ ಆಗದಂತೆ ಎಚ್ಚರವಹಿಸಿದರೆ ಸಾಕು. ಇಂಗ್ಲಿಷರ ಧಾಟಿಯನ್ನು ಅನುಕರಿಸಬೇಕಾಗಿಲ್ಲ. ಕೇಳುವವರಿಗೆ ಶ್ರಮವಿಲ್ಲದೆ ಅರ್ಥವಾಗುವುದೇ ಮುಖ್ಯ.

ಮೂರನೆಯ ಭಾಗದಲ್ಲಿ “ನಗರಗಳಲ್ಲಿ ಸೈಕಲ್ ಬಳಕೆ ಹೆಚ್ಚಲು ಏನು ಮಾಡಬೇಕು?” ಎಂಬಂತಹ ಪ್ರಶ್ನೆಗಳು ಬರುತ್ತವೆ. ಇಲ್ಲಿ ನಮ್ಮವರು ಲಂಡನ್ನಿನ ಉದಾಹರಣೆಗಾಗಿ ಹುಡುಕಾಡುತ್ತಾರೆ. ಲಂಡನ್ನಿನಲ್ಲಿ ಸಾರ್ವಜನಿಕ ಬಾಡಿಗೆ ಸೈಕಲ್ಲು 2010ರಲ್ಲಿ ಬಂದಿತು, ನಿಜ. ಆದರೆ ಮೈಸೂರಿನಲ್ಲಿಯೂ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಅಂತಹುದೇ ಯೋಜನೆ ಆರಂಭವಾಯಿತು. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಕೈಗೊಂಡಿತು. ಹೆಣ್ಣುಮಗಳೊಬ್ಬಳಿಗೆ ಸೈಕಲ್ಲು ಸಿಕ್ಕರೆ ಪಕ್ಕದೂರಿನ ಪ್ರೌಢಶಾಲೆ ಎಷ್ಟು ಹತ್ತಿರವಾಗುತ್ತದೆ ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರಾರು? ಬಸ್ಸಿನ ಪ್ರಶ್ನೆ ಬಂದರೆ, 2023ರ ಜೂನ್‌ನಲ್ಲಿ ಜಾರಿಗೆ ಬಂದ ಮಹಿಳೆಯರ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆಯನ್ನು ಹೇಳಬಹುದು, ಅದರ ಗುಣ ದೋಷಗಳೆರಡನ್ನೂ ಚರ್ಚಿಸಬಹುದು. ರೈಲಿನ ಪ್ರಶ್ನೆ ಬಂದರೆ, 2011ರಲ್ಲಿ ಸಂಚಾರ ಆರಂಭಿಸಿದ ‘ನಮ್ಮ ಮೆಟ್ರೋ’ ಇದೆ. ಕಂಡುಂಡ ವಿಷಯವಾದರೆ ಮಾತು ತಡೆಯುವುದಿಲ್ಲ.

ಅಭ್ಯಾಸಕ್ಕೆ ಮನೆಯೇ ಶಾಲೆ. ಇಲ್ಲಿ ನೆಲೆಸುವವರು ಬರೆಯುವ ಪರೀಕ್ಷೆಗಳಲ್ಲಿ ಒಂದಾದ ಟ್ರಿನಿಟಿ ಕಾಲೇಜಿನ 5ನೆಯ ದರ್ಜೆಯಲ್ಲಿಯೂ ‘ಸಂಚಾರ ಸಾಧನಗಳು’ ಎಂಬುದು ಸಂಭಾಷಣೆಯ ವಿಷಯಗಳಲ್ಲಿ ಒಂದು. ದಿನಕ್ಕೆ ಹತ್ತು ನಿಮಿಷ ಮನೆಯವರೊಬ್ಬರು ಪರೀಕ್ಷಕರಾಗಿ ಪ್ರಶ್ನೆ ಕೇಳಲಿ. ಉತ್ತರವನ್ನು ದೂರವಾಣಿಯಲ್ಲಿ ಮುದ್ರಿಸಿಕೊಂಡು ಒಟ್ಟಿಗೆ ಆಲಿಸಿ. ಪ್ರತಿ ಪದಕ್ಕೂ ತಡೆದು ತಿದ್ದಬೇಡಿ. ಮಾತು ಮುಗಿದ ಮೇಲೆ ಎರಡು ತಪ್ಪುಗಳನ್ನು ಮಾತ್ರ ಹೇಳಿ. ತಡೆದು ತಿದ್ದಿಸಿಕೊಂಡವರು ಪರೀಕ್ಷೆಯ ಕೊಠಡಿಯಲ್ಲಿ ಮೌನವಾಗುತ್ತಾರೆ, ಮೌನಕ್ಕೆ ಅಂಕವಿಲ್ಲ.

ಮಕ್ಕಳೇ, ಕೊನೆಯ ಮಾತು ನಿಮಗೆ. ನಿಮ್ಮ ಅಮ್ಮನೋ, ಹೊಸದಾಗಿ ಬಂದ ಅತ್ತಿಗೆಯೋ ‘ಬಸ್ಸು’ ಎಂದರೆ ನಗಬೇಡಿ. ಅವರು ಎರಡನೆಯ ಅಥವಾ ಮೂರನೆಯ ಭಾಷೆಯಲ್ಲಿ ತಮ್ಮ ಬದುಕನ್ನು ಹೇಳಲು ಹೊರಟಿದ್ದಾರೆ. ಪಕ್ಕದಲ್ಲಿ ಕುಳಿತು, “ಅಮ್ಮಾ, ನಿನ್ನ ಶಾಲೆಗೆ ಹೇಗೆ ಹೋಗುತ್ತಿದ್ದೆ?” ಎಂದು ಆಂಗ್ಲದಲ್ಲಿ ಕೇಳಿ. ಅವರಿಗೆ ಅಭ್ಯಾಸವಾಗುತ್ತದೆ, ನಿಮಗೆ ನೀವು ಕಾಣದ ಊರೊಂದು ತಿಳಿಯುತ್ತದೆ.

ಪರೀಕ್ಷೆಗೆ ಕುಳಿತುಕೊಳ್ಳುವವರಿಗೆಲ್ಲ ಶುಭವಾಗಲಿ.