ಆಕ್ಟೇವಿಯಾ ಬಟ್ಲರ್

ವೈಜ್ಞಾನಿಕ ಕಾದಂಬರಿ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಯಂತ್ರಗಳು: ಚಂದ್ರಲೋಕಕ್ಕೆ ಹಾರುವ ರಾಕೆಟ್ಟು, ಮಾತನಾಡುವ ಯಂತ್ರಮಾನವ, ಹಸಿರು ಮೈಯ ಅನ್ಯಗ್ರಹವಾಸಿ. ಇದು ಹುಡುಗರು ಓದಿ ಮರೆಯುವ ಸಾಹಿತ್ಯ ಎಂದು ಹಿರಿಯರು ಪಕ್ಕಕ್ಕೆ ಸರಿಸುವುದೂ ಉಂಟು. ಆ ಅಭಿಪ್ರಾಯ ಎಷ್ಟರಮಟ್ಟಿಗೆ ಸರಿ ಎಂಬುದನ್ನು ನೀವೇ ತೂಗಿ ನೋಡಲೆಂದು ಅಮೆರಿಕದ ಒಬ್ಬ ಲೇಖಕಿಯ ಬಾಳನ್ನು ನಿಮ್ಮ ಮುಂದಿಡುತ್ತೇನೆ. ಆಕೆಯ ಹೆಸರು ಆಕ್ಟೇವಿಯಾ ಬಟ್ಲರ್.

ಕ್ಯಾಲಿಫೋರ್ನಿಯಾ ಸಂಸ್ಥಾನದ ಪ್ಯಾಸಡೀನಾ ನಗರದಲ್ಲಿ 1947ರ ಜೂನ್ 22ರಂದು, ಕರಿಯ ಜನಾಂಗದ ಬಡ ಕುಟುಂಬವೊಂದರಲ್ಲಿ ಆಕೆ ಹುಟ್ಟಿದರು. ತಂದೆ ಬೂಟುಗಳಿಗೆ ಪಾಲಿಷ್ ಹಾಕಿ ಜೀವನ ನಡೆಸುತ್ತಿದ್ದವರು; ಮಗಳು ಚಿಕ್ಕವಳಿರುವಾಗಲೇ ತೀರಿಕೊಂಡರು. ತಾಯಿ ಬಿಳಿಯರ ಮನೆಗಳಲ್ಲಿ ಕೆಲಸದಾಕೆ. ಮನೆಯ ಮುಂಬಾಗಿಲು ಆಕೆಗಿರಲಿಲ್ಲ, ಹಿತ್ತಲ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಎದುರಿಗೇ ಆಡಿದ ಹಗುರವಾದ ಮಾತನ್ನು ಕೇಳಿಸಿಕೊಳ್ಳದವಳಂತೆ ಇರಬೇಕು. ಜೊತೆಯಲ್ಲಿ ಹೋಗುತ್ತಿದ್ದ ಮಗಳು ಇದನ್ನೆಲ್ಲ ನೋಡಿ ನಾಚಿಕೆಪಟ್ಟಳು, ತಾಯಿಯ ಮೇಲೆಯೇ ಸಿಟ್ಟಾದಳು. ಆದರೆ ಅದೇ ತಾಯಿ ಆ ಮನೆಗಳವರು ಬಿಸಾಡಿದ ಪುಸ್ತಕಗಳನ್ನು ಮಗಳಿಗೆಂದು ಹೊತ್ತು ತರುತ್ತಿದ್ದಳು.

ಹುಡುಗಿ ಎತ್ತರದ ಆಳು, ಬಲು ಸಂಕೋಚದ ಸ್ವಭಾವ. ಅಕ್ಷರಗಳನ್ನು ಗುರುತಿಸುವುದರಲ್ಲಿಯೇ ತೊಡಕಿದ್ದುದರಿಂದ ಓದು ನಿಧಾನ. ಸಹಪಾಠಿಗಳ ಗೇಲಿಯಿಂದ ತಪ್ಪಿಸಿಕೊಳ್ಳಲು ಊರಿನ ಪುಸ್ತಕಭಂಡಾರವೇ ಆಶ್ರಯವಾಯಿತು. ಹತ್ತು ವರ್ಷಕ್ಕೆ ಟೈಪ್‌ರೈಟರ್ ಬೇಕೆಂದು ಹಟ ಹಿಡಿದಾಗ, ತಾಯಿ ಹೇಗೋ ಹಣ ಹೊಂದಿಸಿ ಒಂದು ರೆಮಿಂಗ್ಟನ್ ಯಂತ್ರವನ್ನು ತಂದುಕೊಟ್ಟಳು. ಹನ್ನೆರಡರಲ್ಲಿ ಟೆಲಿವಿಷನ್ನಿನಲ್ಲಿ ಮಂಗಳಗ್ರಹದ ಹೆಣ್ಣೊಬ್ಬಳ ಕಥೆಯ ಸಿನಿಮಾ ನೋಡಿದಳು. ಚಿತ್ರ ತೀರ ಕಳಪೆ. ಇದಕ್ಕಿಂತ ಒಳ್ಳೆಯ ಕಥೆಯನ್ನು ನಾನು ಬರೆಯಬಲ್ಲೆ ಎಂದುಕೊಂಡು ಬರೆಯಲು ಕುಳಿತಳು. ಕರಿಯರು ಲೇಖಕರಾಗುವುದುಂಟೇ ಎಂದರಂತೆ ಹತ್ತಿರದ ಬಂಧುವೊಬ್ಬರು. ಅದು ಕೆಟ್ಟ ಮನಸ್ಸಿನ ಮಾತಲ್ಲ. ಕರಿಯರು ಬರೆದದ್ದೆಂದು ತಿಳಿದು ಓದಿದ ಒಂದು ಅಚ್ಚಾದ ಪುಟವೂ ಅದುವರೆಗೆ ಆ ಹುಡುಗಿಯ ಕೈಗೆ ಸಿಕ್ಕಿರಲಿಲ್ಲ.

1970ರಲ್ಲಿ ಪೆನ್ಸಿಲ್ವೇನಿಯಾದ ಕ್ಲಾರಿಯನ್‌ನಲ್ಲಿ ನಡೆದ ಲೇಖಕರ ಶಿಬಿರಕ್ಕೆ ಆಕೆ ಹೋದರು. ಕಥೆಗಾರ ಹಾರ್ಲನ್ ಎಲಿಸನ್ ಪ್ರೋತ್ಸಾಹವಿತ್ತರು. ಎರಡು ಕಥೆಗಳು ಮಾರಾಟವಾದವು. ಇನ್ನೇನು ದಾರಿ ತೆರೆಯಿತು ಎನ್ನುವಷ್ಟರಲ್ಲಿ ಐದು ವರ್ಷ ಒಂದು ಕಥೆಯೂ ಸ್ವೀಕಾರವಾಗಲಿಲ್ಲ. ಆಗ ಆಕೆ ಪಾತ್ರೆ ತೊಳೆದರು, ಗೋದಾಮಿನಲ್ಲಿ ದುಡಿದರು, ಟೆಲಿಫೋನಿನಲ್ಲಿ ಸರಕು ಮಾರಿದರು, ಆಲೂಗೆಡ್ಡೆ ಚಿಪ್ಸ್ ಕಾರ್ಖಾನೆಯಲ್ಲಿ ಸೀದುಹೋದವನ್ನು ಆರಿಸಿ ತೆಗೆದರು. ರಾತ್ರಿ ಎರಡು ಗಂಟೆಗೆ ಎದ್ದು ಬರೆದು, ಬೆಳಗಾದ ಮೇಲೆ ಕೆಲಸಕ್ಕೆ ಹೊರಡುವುದು ಆಕೆಯ ದಿನಚರಿ. ಮೊದಲ ಕಾದಂಬರಿ ‘ಪ್ಯಾಟರ್ನ್‌ಮಾಸ್ಟರ್’ 1976ರಲ್ಲಿ ಹೊರಬಂದಿತು.

1979ರಲ್ಲಿ ಪ್ರಕಟವಾದ ‘ಕಿಂಡ್ರೆಡ್’ ಆಕೆಯ ಹೆಸರನ್ನು ಉಳಿಸುವ ಕೃತಿ. ಕಾಲೇಜಿನಲ್ಲಿ ಒಬ್ಬ ತರುಣ, ಬಾಗಿ ಬದುಕಿದ ಹಿಂದಿನ ತಲೆಮಾರನ್ನು ಕಂಡರೆ ತನಗೆ ತಡೆಯದು ಎಂದು ಅಬ್ಬರಿಸಿದ್ದ. ಬಟ್ಲರ್‌ಗೆ ತಾಯಿಯ ಹಿತ್ತಲ ಬಾಗಿಲು ನೆನಪಾಯಿತು. ತಾಯಿ ಅವಮಾನ ನುಂಗಿದ್ದರಿಂದಲೇ ತನ್ನ ಹೊಟ್ಟೆ ತುಂಬಿತ್ತು, ತಲೆಯ ಮೇಲೊಂದು ಸೂರು ಇತ್ತು. ಹಾಗೆ ಸಹಿಸುವುದಕ್ಕೂ ಎದೆಗಾರಿಕೆ ಬೇಕಲ್ಲವೇ? ಈ ಪ್ರಶ್ನೆಯೇ ಕಾದಂಬರಿಯ ಬೀಜ. 1976ರ ಲಾಸ್ ಏಂಜಲಿಸ್‌ನಲ್ಲಿರುವ ಡೇನಾ ಎಂಬ ಕರಿಯ ಯುವತಿ ಇದ್ದಕ್ಕಿದ್ದಂತೆ ಹತ್ತೊಂಬತ್ತನೆಯ ಶತಮಾನದ ಮೇರಿಲ್ಯಾಂಡಿನ ಗುಲಾಮರ ತೋಟಕ್ಕೆ ಎಳೆಯಲ್ಪಡುತ್ತಾಳೆ. ಅಲ್ಲಿಯ ಬಿಳಿಯ ಒಡೆಯನ ಮಗ ತನ್ನ ಮುತ್ತಾತಂದಿರಲ್ಲಿ ಒಬ್ಬ. ಅವನು ಬದುಕಿದರೆ ಮಾತ್ರ ತನ್ನ ವಂಶ ಉಂಟು. ಚರಿತ್ರೆಯನ್ನು ಪುಸ್ತಕದಲ್ಲಿ ಓದಿದವಳು ಈಗ ಅದನ್ನು ಮೈಮೇಲೆ ಅನುಭವಿಸಬೇಕು. ಚಾವಟಿಯ ಮುಂದೆ ತನ್ನ ಧೈರ್ಯವೂ ಎಷ್ಟು ಬೇಗ ಕುಗ್ಗುತ್ತದೆಂಬುದನ್ನು ಅವಳು ಕಾಣುತ್ತಾಳೆ. ಕಾಲಯಾನದ ಯಂತ್ರ ಈ ಕಥೆಯಲ್ಲಿ ಎಲ್ಲಿಯೂ ಇಲ್ಲ.

ಮಾತಿನಿಂದಲೇ ನಡೆಯುವ ಈ ಆಕಾಶವಾಣಿಯನ್ನು ಕೇಳುವ ನಿಮಗೆ ಆಕೆಯ ‘ಸ್ಪೀಚ್ ಸೌಂಡ್ಸ್’ ಕಥೆ ವಿಶೇಷವಾಗಿ ನಾಟೀತು. ಯಾವುದೋ ವ್ಯಾಧಿ ಹರಡಿ ಜನರು ಮಾತನ್ನೋ ಓದುವ ಶಕ್ತಿಯನ್ನೋ ಕಳೆದುಕೊಂಡಿದ್ದಾರೆ. ಮಾತಿಲ್ಲದ ಕಡೆ ಅಸೂಯೆಗೆ ಮುಷ್ಟಿಯೊಂದೇ ಭಾಷೆ. ಮಕ್ಕಳಿಬ್ಬರ ಬಾಯಲ್ಲಿ ಮತ್ತೆ ಮಾತು ಕೇಳಿಸುವಲ್ಲಿ ಕಥೆ ನಿಲ್ಲುತ್ತದೆ. ಇದಕ್ಕೆ 1984ರಲ್ಲಿ ಹ್ಯೂಗೋ ಪ್ರಶಸ್ತಿ ದೊರೆಯಿತು. ಮರುವರ್ಷ ‘ಬ್ಲಡ್‌ಚೈಲ್ಡ್’ ಕಥೆಗೂ ಅದೇ ಗೌರವ. ಆ ಎರಡನೆಯ ಕಥೆ ನೆಬ್ಯುಲಾ ಪ್ರಶಸ್ತಿಯನ್ನೂ ಗಳಿಸಿತು. 1995ರಲ್ಲಿ ಬಂದ ಮ್ಯಾಕ್‌ಆರ್ಥರ್ ಫೆಲೋಷಿಪ್ ವೈಜ್ಞಾನಿಕ ಕಥೆಗಾರರಲ್ಲಿ ಮೊದಲು ಸಂದದ್ದು ಈಕೆಗೇ.

1993ರ ‘ಪ್ಯಾರಬಲ್ ಆಫ್ ದಿ ಸೋವರ್’, ಎಂದರೆ ಬಿತ್ತುವವನ ಸಾಮ್ಯ, 2024ರಲ್ಲಿ ಆರಂಭವಾಗುವ ಕಥೆ. ಮಳೆ ಅಪರೂಪ, ನೀರಿಗೆ ದುಬಾರಿ ಬೆಲೆ, ಉಳ್ಳವರು ಗೋಡೆ ಕಟ್ಟಿಕೊಂಡು ಒಳಗಿದ್ದಾರೆ. ಇದು ಭವಿಷ್ಯವಾಣಿಯಲ್ಲ, ಈಗ ನಡೆಯುವಂತೆಯೇ ನಡೆದರೆ ಏನಾದೀತೆಂಬ ಎಚ್ಚರಿಕೆ ಎಂಬುದು ಆಕೆಯ ನಿಲುವಾಗಿತ್ತು. ಇದರ ಮುಂದಿನ ಭಾಗ ‘ಪ್ಯಾರಬಲ್ ಆಫ್ ದಿ ಟ್ಯಾಲೆಂಟ್ಸ್’ ನೆಬ್ಯುಲಾ ಪ್ರಶಸ್ತಿಯನ್ನು ಪಡೆಯಿತು.

2006ರ ಫೆಬ್ರವರಿ 24ರಂದು, 58ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡರು. ದೊಡ್ಡ ಮಾರಾಟದ ಪಟ್ಟಿಯಲ್ಲಿ ತನ್ನ ಹೆಸರು ಬರಬೇಕೆಂದು ದಿನಚರಿಯಲ್ಲಿ ಬರೆದುಕೊಂಡಿದ್ದರು; ‘ಬಿತ್ತುವವನ ಸಾಮ್ಯ’ ನ್ಯೂಯಾರ್ಕ್ ಟೈಮ್ಸ್ ಪಟ್ಟಿಗೆ ಬಂದದ್ದು 2020ರಲ್ಲಿ. 2021ರಲ್ಲಿ ಅಮೆರಿಕದ ನಾಸಾ ಸಂಸ್ಥೆ, ಪರ್ಸಿವಿಯರೆನ್ಸ್ ಎಂಬ ಶೋಧಕ ವಾಹನ ಮಂಗಳಗ್ರಹದಲ್ಲಿ ಇಳಿದ ಸ್ಥಳಕ್ಕೆ ಆಕೆಯ ಹೆಸರಿಟ್ಟಿತು. ಆ ಹೆಸರನ್ನು ನೋಡಲು ಆಕೆ ಇರಲಿಲ್ಲ.

ಎಳೆಯ ಲೇಖಕರಿಗೆ ಆಕೆ ಹೇಳುತ್ತಿದ್ದ ಬುದ್ಧಿಮಾತು ಸರಳ: ಸ್ಫೂರ್ತಿಯನ್ನು ನಂಬಬೇಡಿ, ಅಭ್ಯಾಸವನ್ನು ನಂಬಿ. ನಿಮ್ಮ ಮನೆಯಲ್ಲಿಯೂ ಮೂಲೆ ಹಿಡಿದು ಏನನ್ನೋ ಗೀಚುವ ಹುಡುಗಿಯೊಬ್ಬಳಿದ್ದರೆ, ಇದರಿಂದ ಹೊಟ್ಟೆ ತುಂಬೀತೇ ಎಂದು ಕೇಳುವ ಮೊದಲು ಅವಳು ಬರೆದ ಒಂದು ಪುಟವನ್ನು ಓದಿ ನೋಡಿ.