ಹಳೆಯ ಟಾಕೀಸಿನೊಳಗೆ ಹೊಸ ಮನೆಗಳು
(ಜನವಾಡದಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಔರಾದ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದರೂ ಕಾಲೇಜಿಗೆ ಹೋಗಲಿಲ್ಲ. ಬೀದರಿನಲ್ಲಿ ಉಳಿಯಲು ಮನೆಯವರಿಗೆ ಒಪ್ಪಿಗೆಯಾಗುವ ಕೋಣೆ ಸಿಗಲಿಲ್ಲ. ಇನ್ನೊಂದೆಡೆ ನಾಡಿನಾದ್ಯಂತ ಹಳೆಯ ಟಾಕೀಸುಗಳು ಬಾಗಿಲು ಮುಚ್ಚುತ್ತಿವೆ. ಬೆಂಗಳೂರಿನಲ್ಲಿ 1968ರಲ್ಲಿ ಆರಂಭವಾದ ಕಪಾಲಿ 2017ರಲ್ಲಿ ಮುಚ್ಚಿತು, ಕಟ್ಟಡವನ್ನೂ ಕೆಡವಿದರು. ಆದರೆ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ 1919ರ ಒಂದು ರಂಗಮಂದಿರ ಮುಂದೆ ಚಿತ್ರಮಂದಿರವಾಗಿ, 2000ದಲ್ಲಿ ಪುಸ್ತಕದಂಗಡಿಯಾಗಿ ಉಳಿಯಿತು.

ಟಾಕೀಸನ್ನು ಮನೆ ಮಾಡುವುದು ಸುಲಭವಲ್ಲ. ಕಿಟಕಿಗಳಿರುವುದಿಲ್ಲ, ನೆಲ ಇಳಿಜಾರು. ಇದಕ್ಕೆ ದಾರಿ ನಮ್ಮ ಬೀದರಿನಲ್ಲೇ ಇದೆ. 1472ರ ಮಹಮೂದ್ ಗಾವಾನ್ ಮದರಸಾ ನೋಡಿರಿ. ನಡುವೆ ಅಂಗಳ; ಸುತ್ತ ಮಸೀದಿ, ಗ್ರಂಥಾಲಯ, ಪಾಠದ ಕೋಣೆ, ಗುರು ಶಿಷ್ಯರ ವಾಸ. ಅಂಗಳದಿಂದ ಗಾಳಿ, ಬೆಳಕು. ಅದೇ ರೀತಿ ಛಾವಣಿಯ ನಡುಭಾಗ ತೆರೆದು ಅಂಗಳ ಮಾಡಿ, ಕೆಳಗೆ ಅಂಗಡಿ, ವಾಚನಾಲಯ, ಮೇಲೆ ಕೋಣೆಗಳನ್ನು ಕಟ್ಟಬಹುದು. ದಪ್ಪ ಗೋಡೆ ಬಿಸಿಲು ತಡೆಯುತ್ತದೆ. ಉಳಿದ ಛಾವಣಿಯ ಮೇಲೆ ಸೌರಫಲಕ ಕೂಡುತ್ತದೆ. ಇಟ್ಟಿಗೆ ಸುಡಲು ಅಂದು ಉರಿಸಿದ ಇಂಧನ ವ್ಯರ್ಥವಾಗುವುದಿಲ್ಲ. ಗೋಡೆ, ಬುನಾದಿಗಳನ್ನು ಮಾತ್ರ ಇಂಜಿನಿಯರರು ಮೊದಲೇ ಪರೀಕ್ಷಿಸಬೇಕು.

‘ಸಿನಿಮಾ ನಡೆದ ಜಾಗದಲ್ಲಿ ನಮ್ಮ ಹೆಣ್ಣುಮಕ್ಕಳೇ?’ ಎಂದು ಕೆಲ ಹಿರಿಯರು ಕೇಳಬಹುದು. ಗೋಡೆಗೆ ಪಾಪ ಅಂಟುವುದಿಲ್ಲ. ಒಳಗೆ ನಡೆಯುವ ಕೆಲಸ ಮುಖ್ಯ.

ಆ ಹುಡುಗಿಯ ತಂಗಿ ಈ ವರ್ಷ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳ ಫಲಿತಾಂಶ ಬರುವುದರೊಳಗೆ ಮುಚ್ಚಿದ ಒಂದು ಟಾಕೀಸನ್ನಾದರೂ ನಾವು ಹೋಗಿ ನೋಡಿ ಬರೋಣ ಎಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.