ಅಂಕಿತವೂ ಬಿರುದೂ



ಅನ್ನದ ಹಸಿವು ಉಂಡರೆ ಅಡಗುವುದು. ಹೆಸರಿನ ಹಸಿವಾದರೋ ಉಂಡಷ್ಟೂ ಬೆಳೆಯುವುದು. ಪೂರ್ವದಲ್ಲಿ ಅರಸರು ಕವಿಗಳಿಗೆ ಬಿರುದುಗಳನ್ನು ದಯಪಾಲಿಸುತ್ತಿದ್ದರು. ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬುದೂ, ಚಾಳುಕ್ಯ ತೈಲಪನಿಂದ ರನ್ನನಿಗೆ ‘ಕವಿಚಕ್ರವರ್ತಿ’ ಎಂಬುದೂ ಸಂದವು. ಅವರು ಅದಕ್ಕೆ ಯೋಗ್ಯರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹನ್ನೆರಡನೆಯ ಶತಮಾನದ ಶರಣರಲ್ಲಿ ಬೇರೊಂದು ಪದ್ಧತಿಯು ನೆಲೆಗೊಂಡಿತು. ವಚನದ ತುದಿಯಲ್ಲಿ ಬಹುಮಟ್ಟಿಗೆ ನುಡಿದವರ ಹೆಸರಿಲ್ಲ, ಬಿರುದಂತೂ ಇಲ್ಲವೇ ಇಲ್ಲ; ಇಷ್ಟದೈವದ ನಾಮವೇ ಅಂಕಿತ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಕೂಡಲಸಂಗಮದೇವನ ಮರೆಯಲ್ಲಿ ನಿಂತರು. ಹಗ್ಗ ಹೊಸೆದು ಬಾಳಿದ ನುಲಿಯ ಚಂದಯ್ಯನವರು ಚಂದೇಶ್ವರಲಿಂಗನ ಮರೆಯಲ್ಲಿ ನಿಂತರು. ಆ ಕೊನೆಯ ನುಡಿಯಲ್ಲಿ ಇಬ್ಬರಿಗೂ ಪದವಿಯ ಅಂತರ ಉಳಿಯಲಿಲ್ಲ.

ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವಾಗಿಟ್ಟರಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಸತ್ಯ. ಆದರೆ ಅಲ್ಲಿ ಹೆಸರಿಗಿಂತ ಮೊದಲು ಬರುವುದು ದೋಣಿ ನಡೆಸುವ ಕಾಯಕ. ಲೋಕವು ಕೀಳೆಂದೆಣಿಸಿದ್ದನ್ನೇ ಮುಂದಿಟ್ಟು ನುಡಿದವರ ಮೇಲೆ ಕೀರ್ತಿಕಾಮದ ದೋಷವನ್ನು ಹೊರಿಸುವುದು ಅನ್ಯಾಯವೇ ಸರಿ.

ಇನ್ನು ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನವರ ವೃತ್ತಾಂತ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕವಾಗಿದ್ದಿತು. ಒಂದು ದಿನ ಎಂದಿನ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರೆಂದು ಶರಣಚರಿತೆಗಳು ಹೇಳುವುವು. ಅದು ಕದ್ದುದಲ್ಲ, ಬೇಡವೆಂದು ತಡೆದವರೂ ಇಲ್ಲ. ನೆರೆಯವರು ಕಂಡಿದ್ದರೆ, ಮಾರಯ್ಯನ ದಾಸೋಹ ಹೆಚ್ಚಿತೆಂದು ಕೊಂಡಾಡುತ್ತಿದ್ದರೇನೋ! ಲಕ್ಕಮ್ಮನವರು ಮಾತ್ರ ಅದನ್ನು ಒಲೆಗೇರಿಸಲೊಲ್ಲದೆ, ಹೆಚ್ಚಿನದನ್ನು ಇದ್ದೆಡೆಯಲ್ಲಿಯೇ ಚೆಲ್ಲಿ ಬರುವಂತೆ ಪತಿಯನ್ನು ಕಳುಹಿದರು. ಆ ಗುಡಿಸಿಲಿನಲ್ಲಿ ಅಳತೆಗೋಲು ಊರವರ ಬಾಯಾಗಿರಲಿಲ್ಲ; ತಮ್ಮ ಅರಿವೇ ಆಗಿದ್ದಿತು. ಹೀಗೆ ಪತಿಯನ್ನು ತಿದ್ದಿದ ಆ ಮಹಾತಾಯಿ ತಮ್ಮ ವಚನಗಳಿಗೆ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ವೆಂಬ ಅಂಕಿತವನ್ನಿಟ್ಟರು. ಪತಿಯ ಹೆಸರು ಅಲ್ಲುಂಟು; ತಮ್ಮದಿಲ್ಲ.

ಮಹೋತ್ಸವದ ಈ ಸಮಯದಲ್ಲಿ ದಾನಿಗಳ ನಾಮಾವಳಿ ಸಿದ್ಧವಾಗುವುದು ಸಹಜ. ಕಲ್ಲಿನಲ್ಲಿ ಹೆಸರು ಕೆತ್ತಿಸುವುದು ತಪ್ಪೆನ್ನಲಾಗದು. ಪೂರ್ವಿಕರು ಶಾಸನಗಳನ್ನು ಹಾಕಿಸದಿದ್ದರೆ ನಾಡಿನ ಚರಿತ್ರೆಯ ಬಹುಭಾಗ ತಿಳಿಯುತ್ತಲೇ ಇರಲಿಲ್ಲ. ಆದರೆ ತನ್ನ ಹೆಸರು ಕೆಳಗಿನ ಸಾಲಿಗೆ ಬಿದ್ದಿತೆಂದು ಮುನಿದು, ಪಂಕ್ತಿಗೆ ಬಾರದೆ ಮನೆಯಲ್ಲುಳಿಯುವ ಭಕ್ತನು ಆ ಕಾಣಿಕೆಯನ್ನು ಕೊಟ್ಟುದು ಯಾರಿಗೆ? ಗುರುವಿಗೋ, ಕಲ್ಲಿಗೋ?

ಫ. ಗು. ಹಳಕಟ್ಟಿಯವರು ತಾಳೆಯೋಲೆಯ ಕಟ್ಟುಗಳನ್ನು ಮನೆಮನೆಗಳಲ್ಲಿ ಅರಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಮೇಲೆ ವಚನಸಂಶೋಧನೆಯು ಬಹಳವಾಗಿ ಬೆಳೆದಿರುವುದು. ಇಷ್ಟಾದರೂ ಅಂಕಿತವೊಂದೇ ದೊರೆತು, ನುಡಿದವರ ಹೆಸರು ದೊರೆಯದ ವಚನಗಳು ಇಂದಿಗೂ ಉಂಟು. ಮಠದ ಪಾರಾಯಣದಲ್ಲಿ ಅವು ಬಂದಾಗ, ಇದರ ಕರ್ತೃ ಯಾರೆಂದು ಕೇಳಿ ಯಾರೂ ಓದನ್ನು ನಿಲ್ಲಿಸುವುದಿಲ್ಲ.